ಪದಕವನ್ನು ಮೊದಲು ತಿಕ್ಕಿದವಳಿಗೆ

ಮೇಲಿನ ಸಾಲಾಪುರ, ಘಟಪ್ರಭೆಯ ಎಡದಂಡೆ
ಹೊಸ ಎಣಿಕೆ ನೂರಾ ನಾಲ್ಕು, ಎರಡನೆಯ ಬೇಸಿಗೆ, ಹುಣ್ಣಿಮೆಯ ಮರುದಿನ

ಪೂಜ್ಯರೇ,

ಮೇಲೆ ಬರೆದ ತಾರೀಖು ನಿಮ್ಮ ಮನೆಯ ಗೋಡೆಯ ಮೇಲಿನ ಯಾವ ಕ್ಯಾಲೆಂಡರಿನಲ್ಲೂ ಸಿಗುವುದಿಲ್ಲ. ಹುಡುಕಿ ಕಣ್ಣು ನೋಯಿಸಿಕೊಳ್ಳಬೇಡಿ. ನನ್ನ ಅಜ್ಜಿಯ ಅಜ್ಜಿಗೂ ನೀವು ಬಹಳ ಹಿಂದಿನವರು. ನಡುವೆ ಎಷ್ಟು ತಲೆಮಾರು ಎಂದು ಎಣಿಸಿ ಹೇಳುವವರು ನಮ್ಮಲ್ಲಿ ಯಾರೂ ಉಳಿದಿಲ್ಲ. ಓದುವಾಗ ಅಲ್ಲಲ್ಲಿ ಪರಿಚಯವಿಲ್ಲದ ಮಾತು ಬಂದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡದಲ್ಲಿ ಬರೆಯಲು ನಾನು ಬಹಳ ಪ್ರಯತ್ನಪಟ್ಟಿದ್ದೇನೆ. ಆದರೂ ನೂರಾರು ವರ್ಷ ಬಾಯಿಂದ ಬಾಯಿಗೆ ಓಡಾಡಿದ ಭಾಷೆ ಅಲ್ಲಿ ಇಲ್ಲಿ ಕೈ ಕೊಡದೆ ಇರುತ್ತದೆಯೇ?

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಮರ್ಯಾದೆ. ನಮ್ಮ ಮನೆಯಲ್ಲಿದ್ದ ಬೆಳ್ಳಿಯ ಪದಕವನ್ನು ಮೊಟ್ಟಮೊದಲು ವಿಭೂತಿ ಹಚ್ಚಿ ತಿಕ್ಕಿದವರು ನೀವು. ನಿಮ್ಮ ವಿಷಯದಲ್ಲಿ ನನಗೆ ಗೊತ್ತಿರುವುದು ಅಷ್ಟೇ. ಅದನ್ನು ಗಳಿಸಿದವನು ನಿಮ್ಮ ಗಂಡನೋ, ಮಗನೋ, ಅಣ್ಣನೋ, ಅವನು ತಿರುಗಿ ಮನೆಗೆ ಬಂದನೋ ಇಲ್ಲವೋ, ಒಂದೂ ಗೊತ್ತಿಲ್ಲ. ಯಾಕೆ ಗೊತ್ತಿಲ್ಲ ಎಂಬುದನ್ನು ಹೇಳುವುದಕ್ಕೇ ಈ ಹಿಂದೋಲೆ. ಹಿಂದೋಲೆ ಎಂದರೆ ಹಿಂದಿನ ಕಾಲಕ್ಕೆ ಹೋಗುವ ಕಾಗದ. ಹೊಳೆಯ ದಂಡೆಯ ಮೇಲೆ ಅದಕ್ಕೊಂದು ಕಟ್ಟೆ ಇದೆ. ಒಬ್ಬರಿಗೆ ಜನ್ಮಕ್ಕೆ ಒಂದೇ ಕಾಗದ. ಕಟ್ಟೆಯವರು ಕಾಗದ ಹೋಗುತ್ತದೆ ಎಂದು ಹೇಳುತ್ತಾರೆ, ಮುಟ್ಟುತ್ತದೆ ಎಂದು ಹೇಳುವುದಿಲ್ಲ. ನಿಮ್ಮ ಕಾಲದ ಅಂಚೆಯೂ ಹೀಗೇ ಇತ್ತೆಂದು ಕೇಳಿದ್ದೇನೆ.

ನಾನು ನಿಂಬೆವ್ವ. ನೆರಳು ಕಟ್ಟುವುದು ನನ್ನ ಕೆಲಸ. ನಮ್ಮಲ್ಲಿ ಈಗ ವರ್ಷಕ್ಕೆ ಎರಡು ಬೇಸಿಗೆ ಬರುತ್ತವೆ, ಎರಡನೆಯದು ಮೊದಲನೆಯದಕ್ಕಿಂತ ಜಗಳಗಂಟಿ. ಆಗ ಬೀದಿಯ ಈ ಮಾಳಿಗೆಯಿಂದ ಆ ಮಾಳಿಗೆಗೆ ದಪ್ಪನೆಯ ಅರಿವೆಗಳನ್ನು ಎಳೆದು ಕಟ್ಟಬೇಕು. ಬಿಸಿಲು ಸರಿದ ಹಾಗೆ ಅವನ್ನೂ ಸರಿಸಬೇಕು. ಊರಿನ ಹೆಂಗಸರು ಎದುರಿಗೆ ಸಿಕ್ಕರೆ ಊಟವಾಯಿತೇ ಎಂದು ಕೇಳುವುದಿಲ್ಲ, ನಮ್ಮ ಓಣಿಗೆ ನೆರಳು ಯಾವಾಗ ಎಂದೇ ಕೇಳುತ್ತಾರೆ. ಮಧ್ಯಾಹ್ನ ಇಡೀ ಊರು ನೆಲಮನೆಗೆ ಇಳಿದು ಮಲಗುತ್ತದೆ. ನೆಲದ ಕೆಳಗಿನ ತಂಪು ಕೋಣೆಗೆ ಹಾಗೆನ್ನುತ್ತೇವೆ. ನಾಯಿಗಳೂ ಇಳಿಯುತ್ತವೆ, ಯಾರೂ ಬೈಯುವುದಿಲ್ಲ. ಜೋಳದ ರೊಟ್ಟಿ ಉಳಿದಿದೆ. ಉಳ್ಳಾಗಡ್ಡಿ ಉಳಿದಿದೆ. ಶೇಂಗಾ ಹಿಂಡಿ ಹಬ್ಬಕ್ಕೆ ಮಾತ್ರ. ನೀವು ನಿಮ್ಮ ಬರಹ, ಚಿತ್ರ, ದಾಖಲೆಗಳನ್ನೆಲ್ಲ ಎಂಥದೋ ಮೋಡದಲ್ಲಿ ಇಟ್ಟಿದ್ದಿರಂತೆ. ಮೋಡವನ್ನು ನಂಬಿ ಯಾರಾದರೂ ಏನಾದರೂ ಇಡುತ್ತಾರೆಯೇ ತಾಯಿ? ಅದೆಲ್ಲ ಕರಗಿಹೋಗಿ ಬಹಳ ಕಾಲವಾಯಿತು. ನಮಗೆ ಉಳಿದಿರುವುದು ಕೈಯಲ್ಲಿ ಹಿಡಿಯಲು ಬರುವಂಥವು ಮಾತ್ರ.

ನಮ್ಮ ಎಣಿಕೆ ಶುರುವಾಗುವುದು ಆಯುಧ ಕೆಳಗಿಟ್ಟ ವರ್ಷದಿಂದ. ಯುದ್ಧ ಶಾಶ್ವತವಾಗಿ ಮುಗಿಯಿತು ಎಂದು ನಮ್ಮ ಹಿರಿಯರು ಬಾಯಿಬಿಟ್ಟು ಹೇಳುವುದಿಲ್ಲ. ದೃಷ್ಟಿ ತಾಕುತ್ತದೆ ಎಂಬ ಭಯ. ಸದ್ಯಕ್ಕೆ ನಿಂತಿದೆ ಎನ್ನುತ್ತಾರೆ. ಪದಕ ಗಳಿಸಿದವರು ಅದನ್ನು ಎಡಗಡೆ ಎದೆಗೆ ಚುಚ್ಚಿಕೊಳ್ಳುತ್ತಿದ್ದರು, ಅವರು ಹೋದ ಮೇಲೆ ಮನೆಯವರು ಬಲಗಡೆಗೆ ಚುಚ್ಚಿಕೊಳ್ಳುತ್ತಿದ್ದರು ಎಂಬುದು ನಿಮಗೆ ಗೊತ್ತೇ ಇರುತ್ತದೆ. ನಮ್ಮ ಊರಿನ ಕೊನೆಯ ಎಡಎದೆಯ ಮುದುಕನನ್ನು ನನ್ನ ಅಜ್ಜಿ ಚಿಕ್ಕಂದಿನಲ್ಲಿ ನೋಡಿದ್ದಾಳೆ. ಕೆಮ್ಮಿದಾಗ ಅವನ ಪದಕಗಳು ಕಿಣಿಕಿಣಿ ಅನ್ನುತ್ತಿದ್ದವಂತೆ. ಈಗ ಇರುವವರೆಲ್ಲ ಬಲಎದೆಯವರು.

ಆ ಪದಕಗಳಿಗೆಂದೇ ಊರಿನಲ್ಲಿ ಒಂದು ಮನೆ ಇದೆ. ಅದನ್ನು ಎದೆಮನೆ ಎನ್ನುತ್ತೇವೆ. ಸುತ್ತಿನ ಹಳ್ಳಿಗಳ ಪದಕಗಳೆಲ್ಲ ಅಲ್ಲಿ ಹತ್ತಿಯ ಗಾದಿಯ ಮೇಲೆ ಮಲಗಿವೆ. ವರ್ಷಕ್ಕೊಮ್ಮೆ, ಎರಡನೆಯ ಬೇಸಿಗೆಯ ಹುಣ್ಣಿಮೆಗೆ, ಎದೆದಿನ. ಅವತ್ತು ಮನೆಮನೆಯವರು ತಮ್ಮ ಪದಕವನ್ನು ಬಲಗಡೆಗೆ ಚುಚ್ಚಿಕೊಂಡು ಎದೆಮನೆಯ ಜಗಲಿಯ ಮೇಲೆ ಸಾಲಾಗಿ ಕೂರುತ್ತಾರೆ. ಹೋಗಿಬರುವವರು ನಿಂತು ಕೇಳುತ್ತಾರೆ, ಯಾರ ಪೈಕಿ ಎಂದು. ಕೂತವರು ಪದಕ ಗಳಿಸಿದವನ ಹೆಸರು ಹೇಳಬೇಕು, ಅವನ ಬಗ್ಗೆ ಒಂದು ಮಾತು ಹೇಳಬೇಕು. ಆ ಮಾತು ಯುದ್ಧದ್ದಾಗಿರಬಾರದು. ಅವನ ಶೌರ್ಯವನ್ನು ಸರ್ಕಾರ ಆಗಲೇ ಹೇಳಿ ಮುಗಿಸಿದೆ, ಪದಕವೇ ಆ ಮಾತು. ಉಳಿದ ಮನುಷ್ಯನನ್ನು ನೀವು ಹೇಳಿ ಎಂದು ಇದರ ಅರ್ಥ. ಒಬ್ಬನಿಗೆ ಈಜು ಬರುತ್ತಿರಲಿಲ್ಲ, ಆದರೆ ಬರುತ್ತದೆಂದು ಸುಳ್ಳು ಹೇಳುತ್ತಿದ್ದ. ಇನ್ನೊಬ್ಬ ಹೆಂಡತಿಗೆ ಹೆದರಿ ಬೀಡಿಯನ್ನು ದನದ ಕೊಟ್ಟಿಗೆಯಲ್ಲಿ ಸೇದುತ್ತಿದ್ದ. ಇಂಥ ಮಾತುಗಳು. ಇದನ್ನು ಕೇಳಿ ಜನ ನಗುತ್ತಾರೆ, ನಕ್ಕ ಮೇಲೆ ಕೈಮುಗಿಯುತ್ತಾರೆ.

ಹೆಸರೂ ಇಲ್ಲದ, ಹೇಳಲು ಒಂದು ಮಾತೂ ಇಲ್ಲದ ಪದಕವನ್ನು ಮಾತ್ರ ಎದೆಮನೆ ಇಟ್ಟುಕೊಳ್ಳುವುದಿಲ್ಲ. ಅದನ್ನು ಕರಗಿಸಿ ತೊಟ್ಟಿಲ ಗೆಜ್ಜೆ ಮಾಡುತ್ತಾರೆ. ಕೆಟ್ಟ ಪದ್ಧತಿಯೆಂದು ಎಣಿಸಬೇಡಿ. ಊರಿನ ಕೂಸುಗಳು ಆ ಸದ್ದಿಗೇ ನಿದ್ದೆ ಹೋಗುತ್ತವೆ. ಆದರೆ ಅದು ನಮ್ಮ ಮನೆಯ ಪದಕಕ್ಕೆ ಬರಬಹುದೆಂದು ನಾವು ಕನಸಿನಲ್ಲೂ ಎಣಿಸಿರಲಿಲ್ಲ.

ನಮ್ಮ ಪದಕ ಎದೆಮನೆಗೆ ಹೋಗಿರಲೇ ಇಲ್ಲ. ನಮ್ಮ ವಂಶದ ಹೆಂಗಸರು ಹಟಮಾರಿಗಳು, ಅದು ನಿಮ್ಮಿಂದ ಬಂದದ್ದೋ ಏನೋ. ಪ್ರತಿ ಅಮಾವಾಸ್ಯೆ ಬೆಳಿಗ್ಗೆ ಪದಕವನ್ನು ಗೋಡೆಯ ಗೂಡಿನಿಂದ ಇಳಿಸಿ, ವಿಭೂತಿ ಗಟ್ಟಿಯನ್ನು ಪುಡಿ ಮಾಡಿ, ಹೆಬ್ಬೆರಳಿನಿಂದ ಹಚ್ಚಿ, ಹಳೆಯ ಸೀರೆಯ ಮೆತ್ತನೆಯ ತುಂಡಿನಿಂದ ತಿಕ್ಕುವುದು. ನೀವು ತಿಕ್ಕಿದಿರಿ, ನಿಮ್ಮ ಮಗಳೋ ಸೊಸೆಯೋ ತಿಕ್ಕಿದಳು, ಹಾಗೇ ಇಳಿದುಬಂತು. ಅದರ ಬಟ್ಟೆಯ ಪಟ್ಟಿ ಎಂದೋ ಜೀರ್ಣವಾಗಿ, ಒಬ್ಬಾಕೆ ತನ್ನ ಮದುವೆಯ ಇಳಕಲ್ ಸೀರೆಯ ಅಂಚು ಕತ್ತರಿಸಿ ಹೊಲಿದಳಂತೆ. ಆಮೇಲೆ ಅದೂ ಹೋಗಿ ಇನ್ನೊಂದು ಅಂಚು ಬಂತು. ಹೀಗಾಗಿ ಪಟ್ಟಿಯ ಬಣ್ಣ ನೋಡಿ ಇದು ಯಾವ ಪದಕ ಎಂದು ಹೇಳುವುದಕ್ಕೂ ಬರುವುದಿಲ್ಲ. ನನ್ನ ಅಜ್ಜಿ ತಂಗೆವ್ವ ಮಾತ್ರ ಅದನ್ನು ಎತ್ತಿ ಹಿಡಿದು, ನೋಡು ಹೆಂಗ ಹೊಳೀತೈತಿ ಅನ್ನುತ್ತಿದ್ದಳು. ಹೊಳೆಯುತ್ತಿತ್ತು ನಿಜ. ನಾನೂ ಅದರಲ್ಲಿ ಮುಖ ನೋಡಿಕೊಂಡು ಕುಂಕುಮ ಸರಿಮಾಡಿಕೊಂಡಿದ್ದೇನೆ.

ಅಜ್ಜಿಗೆ ಈಗ ತೊಂಬತ್ತರ ಆಸುಪಾಸು. ಹೋದ ಮೊದಲ ಬೇಸಿಗೆಯಲ್ಲಿ ಜ್ವರ ಬಂದು ಎದ್ದವಳೇ, ನಾನು ಕಣ್ಣು ಮುಚ್ಚುವುದರೊಳಗೆ ಪದಕ ಎದೆಮನೆ ಸೇರಬೇಕು ಎಂದಳು. ನನ್ನ ಮೇಲೆ ಅವಳಿಗೆ ನಂಬಿಕೆ ಇಲ್ಲ. ನೆರಳಿನ ಹಗ್ಗ ಬಿಟ್ಟರೆ ಬೇರೇನನ್ನೂ ನೆಟ್ಟಗೆ ಹಿಡಿಯದವಳು ನಾನು ಎಂಬುದು ಅವಳ ಅಭಿಪ್ರಾಯ. ಇಬ್ಬರೂ ಹೋದೆವು. ಎದೆಮನೆ ನೋಡಿಕೊಳ್ಳುವವಳು ದಾವಲಬಿ. ಅವಳ ಹತ್ತಿರ ಒಳಗಣ್ಣು ಎಂಬ ಯಂತ್ರ ಇದೆ. ಲೋಹದ ಮೇಲೆ ಅಳಿಸಿಹೋದ ಅಕ್ಷರವನ್ನೂ ಅದು ಎತ್ತಿ ತೋರಿಸುತ್ತದೆ. ಪದಕದ ಅಂಚಿನ ಮೇಲೆ ಗಳಿಸಿದವನ ನಂಬರು, ಹೆಸರು ಕೊರೆದಿರುತ್ತಾರಂತೆ. ನಮಗೆ ಅದೇ ಗೊತ್ತಿರಲಿಲ್ಲ. ದಾವಲಬಿ ಅಂಚನ್ನು ಸುತ್ತಲೂ ತಿರುಗಿಸಿ ನೋಡಿದಳು, ಮುಂದಕ್ಕೆ ನೋಡಿದಳು, ಹಿಂದಕ್ಕೆ ನೋಡಿದಳು. ಹೆಸರಿಲ್ಲ. ಮುದ್ರೆಯಿಲ್ಲ. ಒಳಗಣ್ಣು ಮುಟ್ಟುವ ಆಳಕ್ಕಿಂತಲೂ ಕೆಳಗಿನವರೆಗೆ ಬೆಳ್ಳಿ ಸವೆದಿತ್ತು. ತೋರಿದ್ದು ಒಂದೇ, ಹೆಬ್ಬೆರಳು ಕೂರುವಷ್ಟು ಒಂದು ತಗ್ಗು.

"ತಂಗೆವ್ವಾ, ಇದು ಪದಕ ಉಳದಿಲ್ಲಬೇ. ಕನ್ನಡಿ ಆಗೇತಿ," ಎಂದಳು ದಾವಲಬಿ. ತಮಾಷೆಗೆ ಅಂದದ್ದು. ಅಂದ ಮೇಲೆ ಅಜ್ಜಿಯ ಮುಖ ನೋಡಿ ನಾಲಿಗೆ ಕಚ್ಚಿಕೊಂಡಳು.

ಅಜ್ಜಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ತಿಕ್ಕಿದ್ದಕ್ಕ ಹೋತೇನು?" ಎಂದು ಕೇಳಿದಳು. "ಅಲ್ಲವ್ವಾ, ಗುಂಡು ಹಾರೂ ಕಡೆ ಉಳಕೊಂಡ ಹೆಸರು ನನ್ನ ಕೈಯಾಗ ಅಳಿಸಿಹೋತ?" ಎಂದಳು. ಪ್ರೀತಿಯಿಂದ ಮಾಡಿದ್ದಲ್ಲವೇ, ನೀನೊಬ್ಬಳೇ ತಿಕ್ಕಿದ್ದಲ್ಲವಲ್ಲ, ಎಂದು ನಾನು ಏನೇನೋ ಹೇಳಿದೆ. ಅವಳು ಕೇಳಲಿಲ್ಲ. ಮನೆಗೆ ಬಂದವಳೇ ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತುಬಿಟ್ಟಳು. ಆ ಕೈಯನ್ನು ಯಾರಿಗೂ ತೋರಿಸಲು ಇಷ್ಟವಿಲ್ಲದಂತೆ.

ಸತ್ಯ ಹೇಳುತ್ತೇನೆ, ಅವತ್ತು ನಿಮ್ಮ ಮೇಲೆ ನನಗೆ ಬಹಳ ಸಿಟ್ಟು ಬಂತು. ಯಾಕೆ ಆ ವಿಭೂತಿ ಗಟ್ಟಿ ಮುಟ್ಟಿದಿರಿ? ಕಪ್ಪಾಗಿದ್ದರೆ ಕಪ್ಪಾಗಿರಲಿ ಎಂದು ಬಿಡಬಾರದಿತ್ತೇ? ಮುಟ್ಟಿದ್ದು ಮುಟ್ಟಿದಿರಿ, ಅವನ ಹೆಸರನ್ನು ಬಾಯಲ್ಲಾದರೂ ದಾಟಿಸಬಾರದಿತ್ತೇ?

ಎದೆದಿನಕ್ಕೆ ಇನ್ನೂ ಸ್ವಲ್ಪ ಕಾಲ ಇತ್ತು. ಹೆಸರು ಇಲ್ಲದಿದ್ದರೂ ಒಂದು ಮಾತು ಸಿಕ್ಕರೆ ಸಾಕು, ಇಟ್ಟುಕೊಳ್ಳುತ್ತೇನೆ ಎಂದಿದ್ದಳು ದಾವಲಬಿ. ನಾನು ನೆಂಟರ ಮನೆಗಳಿಗೆಲ್ಲ ಅಲೆದೆ. ಗೋಕಾಕದ ಕಡೆಯ ಅತ್ತೆ, ಅವನು ಬೆಟ್ಟದ ಮೇಲಿನ ಠಾಣೆಯೊಂದನ್ನು ಒಬ್ಬನೇ ಹಿಡಿದ ಎಂದಳು. ಅವಳ ತಮ್ಮ, ಅಲ್ಲ, ಗಾಯಗೊಂಡ ಸಾಹೇಬನನ್ನು ಹಿಮದಲ್ಲಿ ಬೆನ್ನ ಮೇಲೆ ಹೊತ್ತು ತಂದ ಎಂದ. ಮತ್ತೊಬ್ಬ ಮಾವ ಅವನು ಅಡುಗೆಯವನಾಗಿದ್ದ, ಸಾರಿನ ಹುಟ್ಟು ಹಿಡಿದೇ ಶತ್ರುವನ್ನು ಓಡಿಸಿದ ಎಂದು ಆಣೆ ಮಾಡಿ ಹೇಳಿದ. ಒಂದಕ್ಕೊಂದು ತಾಳೆ ಇಲ್ಲ. ಇದ್ದರೂ ಪ್ರಯೋಜನವಿಲ್ಲ, ಎಲ್ಲವೂ ಯುದ್ಧದ ಮಾತುಗಳೇ. ಅವನು ನಗುತ್ತಿದ್ದನೇ, ಗೊರಕೆ ಹೊಡೆಯುತ್ತಿದ್ದನೇ ಎಂದು ಕೇಳಿದರೆ ನನ್ನನ್ನೇ ಮೇಲೆ ಕೆಳಗೆ ನೋಡಿದರು. ಯಾವುದಾದರೂ ಒಂದು ಮಾತು ಕಟ್ಟಿ ಹೇಳಿಬಿಡೋಣ ಎಂದು ನಾನು ಅಜ್ಜಿಯ ಮುಂದೆ ಅಂದೆ. "ಹೆಸರು ಅಳಿಸಿದ್ದು ಸಾಲಲಿಲ್ಲೇನು? ಇನ್ನ ಸುಳ್ಳು ಮನಶಾನ್ನ ಹುಟ್ಟಸ್ತಿ?" ಎಂದು ಅವಳು ಗದರಿದಳು. ಅವಳು ಗದರಿದ್ದು ಕೇಳಿ ನನಗೆ ಸಮಾಧಾನವೇ ಆಯಿತು. ಅಷ್ಟು ದಿನ ಮಾತೇ ಆಡಿರಲಿಲ್ಲ.

ಎದೆದಿನ ಬಂತು. ನಿನ್ನೆಯೇ ಅದು. ಜಗಲಿಗೆ ನೆರಳು ಕಟ್ಟಿದವಳು ನಾನೇ. ಕಟ್ಟಿ ಮುಗಿಸಿ ಪದಕವನ್ನು ನನ್ನ ಬಲಗಡೆಗೆ ಚುಚ್ಚಿಕೊಂಡು ಸಾಲಿನ ಕೊನೆಯಲ್ಲಿ ಕೂತೆ. ಅಜ್ಜಿ ನನ್ನ ಪಕ್ಕದಲ್ಲಿ ತಲೆ ತಗ್ಗಿಸಿ ಕೂತಳು. ಬರುವುದಿಲ್ಲ ಎಂದು ಹಟ ಹಿಡಿದಿದ್ದವಳು, ಕರಗಿಸುವುದಾದರೆ ಕಣ್ಣೆದುರಿಗೇ ಆಗಲಿ ಎಂದು ಬಂದಿದ್ದಳು. ಜನ ಬಂದು ನಿಂತು, ಯಾರ ಪೈಕಿ ಎಂದು ಕೇಳಿದರು. ಗೊತ್ತಿಲ್ಲ ಎಂದು ಹೇಳಿದೆ. ಕೇಳಿದವರೇ ನಾಚಿಕೊಂಡು ಮುಂದೆ ಹೋದರು. ಹಾಗೆ ಎಷ್ಟು ಸಲ ಹೇಳಿದೆನೋ, ಪ್ರತಿ ಸಲವೂ ಅಜ್ಜಿ ಇನ್ನಷ್ಟು ಕುಗ್ಗಿದಳು. ಪಕ್ಕದವರ ಮುತ್ತಜ್ಜ ಎಮ್ಮೆಗೆ ಹಾಡು ಹೇಳಿ ಹಾಲು ಕರೆಯುತ್ತಿದ್ದ ಕಥೆಗೆ ಜಗಲಿಯೆಲ್ಲ ನಗುತ್ತಿತ್ತು. ನಮ್ಮಿಬ್ಬರಿಗೆ ನಗು ಬರಲಿಲ್ಲ.

ನೆಲಮನೆಗೆ ಇಳಿಯುವ ಮೊದಲು ಎದೆಮನೆಯಲ್ಲಿ ಎಲ್ಲರಿಗೂ ಊಟ ಕೊಡುತ್ತಾರೆ. ರೊಟ್ಟಿ, ಪಲ್ಯ, ಒಂದೊಂದು ಉಳ್ಳಾಗಡ್ಡಿ. ದಾವಲಬಿ ತನ್ನ ಮೊಮ್ಮಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಬಡಿಸುತ್ತ ಬಂದಳು. ಮೊನ್ನೆ ಮೊನ್ನೆ ಹಲ್ಲು ಬಂದ ಕೂಸು. ಊಟವಾದ ಮೇಲೆ ನಾವು ಕರಗಿಸಲು ಪದಕ ಒಪ್ಪಿಸಬೇಕಲ್ಲ, ಅದಕ್ಕೆ ಬಡಿಸಿ ಮುಗಿಸಿ ಕೂಸನ್ನು ಕೆಳಗಿಳಿಸಿ ನಮ್ಮೆದುರಿಗೇ ಉಣ್ಣಲು ಕೂತಳು. ಅಜ್ಜಿ ಬಹಳ ಹೊತ್ತು ರೊಟ್ಟಿ ಮುಟ್ಟಲಿಲ್ಲ. ಆಮೇಲೆ, ಇದೇ ಕೊನೆಯ ಸಲ ಎನಿಸಿರಬೇಕು, ಸೆರಗಿನೊಳಗಿಂದ ಬಲಗೈ ಹೊರಗೆ ತೆಗೆದಳು. ನನ್ನ ಎದೆಯಿಂದ ಪದಕ ಬಿಚ್ಚಿ ತನ್ನ ರೊಟ್ಟಿಯ ಮೇಲೆ ಇಟ್ಟಳು. ಉಳ್ಳಾಗಡ್ಡಿಯನ್ನು ನೆಲದ ಮೇಲಿಟ್ಟು ಮುಷ್ಟಿಯಿಂದ ಒಂದೇ ಏಟಿಗೆ ಒಡೆದಳು. ಒಳಗಿನ ಸುಳಿಯನ್ನು, ಆ ಸಿಹಿಯಾದ ಎಳೆಯ ನಡುಭಾಗವನ್ನು, ಬೆರಳಿನಿಂದ ಬಿಡಿಸಿ ತೆಗೆದಳು. ಸುತ್ತಲೂ ನೋಡಿದಳು. ದಾವಲಬಿಯ ಮೊಮ್ಮಗಳ ಬಾಯಿಗೆ ಅದನ್ನು ಇಟ್ಟಳು.

ನಮ್ಮ ಮನೆಯಲ್ಲಿ ಪದಕ ತಿಕ್ಕಿದ ಪ್ರತಿ ಅಮಾವಾಸ್ಯೆ ಮಾಡುವುದೇ ಇದು. ರೊಟ್ಟಿಯ ಮೇಲೆ ಪದಕ, ಮುಷ್ಟಿಯಿಂದ ಒಡೆದ ಉಳ್ಳಾಗಡ್ಡಿ, ಸುಳಿ ಮನೆಯ ಎಲ್ಲರಿಗಿಂತ ಸಣ್ಣವರಿಗೆ. ಚಿಕ್ಕಂದಿನಲ್ಲಿ ಅದು ನನಗೇ ಸಿಗುತ್ತಿತ್ತು. ತಮ್ಮ ಹುಟ್ಟಿದ ಮೇಲೆ ಅವನ ಪಾಲಾಯಿತು, ಆ ಹೊಟ್ಟೆಕಿಚ್ಚು ಇನ್ನೂ ಪೂರ್ತಿ ಆರಿಲ್ಲ.

ದಾವಲಬಿ ತುತ್ತನ್ನು ಕೈಯಲ್ಲೇ ಹಿಡಿದುಕೊಂಡು ಕೇಳಿದಳು, "ಇದೇನ ಮಾಡಿದಿ ತಂಗೆವ್ವಾ?"

"ಏನ ಮಾಡಿದೆ? ಪದಕದ ಊಟ. ಎಲ್ಲಾರೂ ಮಾಡತಾರಲ್ಲ," ಎಂದಳು ಅಜ್ಜಿ.

"ಯಾರ ಮಾಡತಾರ?"

"ಪದಕ ಇದ್ದ ಮನ್ಯಾಗೆಲ್ಲ ಮಾಡೂದಽ ಅಲ್ಲೇನು? ಸಣ್ಣವರಿಗೆ ಸುಳಿ ಕೊಡೂದು. ನಮ್ಮವ್ವ ಕೊಡತಿದ್ಲು. ಅವರವ್ವನೂ ಕೊಡತಿದ್ಲಂತ."

ದಾವಲಬಿ ಜಗಲಿಯ ಉದ್ದಕ್ಕೂ ತಿರುಗಿ ನೋಡಿದಳು. ಊರೂರಿನ ಬಲಎದೆಯವರು ಅಲ್ಲಿದ್ದರು. ಯಾರೂ ರೊಟ್ಟಿಯ ಮೇಲೆ ಪದಕ ಇಟ್ಟಿರಲಿಲ್ಲ. ಎಲ್ಲರೂ ತಮ್ಮ ತಮ್ಮ ಉಳ್ಳಾಗಡ್ಡಿಯನ್ನು ಸುಳಿಸಮೇತ ತಾವೇ ತಿನ್ನುತ್ತಿದ್ದರು. "ಯಾರೂ ಮಾಡೂದಿಲ್ಲ ಯವ್ವಾ," ಎಂದಳು ಅವಳು, ಬಹಳ ಮೆಲ್ಲಗೆ. "ಇಷ್ಟು ವರ್ಷದಾಗ ನಾ ಎಲ್ಲೂ ನೋಡಿಲ್ಲ. ಇದು ಪದಕದ ಪದ್ಧತಿ ಅಲ್ಲ, ಪದಕ ಗಳಿಸಿದಾಂವನ ರೂಢಿ. ಇದು ಅಂವ."

ನಾನು ಕೂತಲ್ಲೇ ಅತ್ತುಬಿಟ್ಟೆ. ಅಜ್ಜಿ ಅಳಲಿಲ್ಲ. ಅವಳು ತನ್ನ ಮುಷ್ಟಿಯನ್ನೇ ನೋಡುತ್ತಿದ್ದಳು. ಎಷ್ಟೋ ಹೆಂಗಸರ ಕೈ ದಾಟಿ ಅವಳ ಕೈಗೆ ಬಂದಿದ್ದ ಆ ಒಂದು ಏಟು ಯಾರದು ಎಂದು ಅವಳಿಗೆ ಆಗ ಗೊತ್ತಾಯಿತು. ನಾವು ಅವನನ್ನು ಅಳಿಸುತ್ತಲೂ ಇದ್ದೆವು, ಅದೇ ಬೆಳಿಗ್ಗೆ ಕೂತು ಉಣ್ಣಿಸುತ್ತಲೂ ಇದ್ದೆವು. ನಮಗೆ ಮಾತ್ರ ತಿಳಿದಿರಲಿಲ್ಲ.

ದಾವಲಬಿ ಆಮೇಲೆ ತನ್ನ ಮಾತೂ ಹೇಳಿದಳು. ಅವಳ ವಂಶದಲ್ಲೂ ಒಬ್ಬ ಪದಕದವನಿದ್ದನಂತೆ. ಅವನ ಬಗ್ಗೆ ಹೇಳುವವರು ಯಾರೂ ಇಲ್ಲದೆ, ಅವಳ ತಾಯಿಯ ಕಾಲಕ್ಕೆ ಪದಕ ಗೆಜ್ಜೆಯಾಯಿತು. ಈ ಮೊಮ್ಮಗಳ ತೊಟ್ಟಿಲಿಗೆ ಕಟ್ಟಿರುವುದು ಅದೇ. ನಿಮ್ಮದು ಉಳಿಯಲಿ ಬಿಡ್ರಿ ಎಂದು ಅವಳು ಪದಕವನ್ನು ತಾನೇ ಹತ್ತಿಯ ಗಾದಿಯ ಮೇಲೆ ಮಲಗಿಸಿದಳು. ಅಂಚಿನ ಮೇಲೆ ಹೊಸದಾಗಿ ಕೊರೆಯಿಸಿದ್ದೇವೆ, 'ಉಳ್ಳಾಗಡ್ಡಿಯ ಸುಳಿ ಸಣ್ಣವರಿಗೆ ಕೊಡುತ್ತಿದ್ದವನು' ಎಂದು. ಇವತ್ತು ಬೆಳಿಗ್ಗೆ ಅಜ್ಜಿ ಆಗಲೇ ರಗಳೆ ತೆಗೆದಿದ್ದಾಳೆ. ಎದೆಮನೆಯಲ್ಲಿ ಯಾರೂ ತಿಕ್ಕುವುದಿಲ್ಲ, ಅಮಾವಾಸ್ಯೆಯೊಳಗೆ ಕಪ್ಪು ಹಿಡಿಯುತ್ತದೆ ಎಂದು. ವಿಭೂತಿಯನ್ನು ಬಾಳೆಕಾಯಿಯಲ್ಲಿ ಗಂಟು ಕಟ್ಟಿ ಇಟ್ಟುಕೊಂಡಿದ್ದನ್ನು ನಾನು ನೋಡಿಯೂ ನೋಡದ ಹಾಗೆ ಇದ್ದೇನೆ. ಬಾಳೆಕಾಯಿ ಎಂದರೆ ನಮ್ಮ ಮುದುಕಿಯರು ಸೊಂಟದಲ್ಲಿ ಸಿಕ್ಕಿಸಿಕೊಳ್ಳುವ ಚೀಲ. ಅಂಚು ಮುಟ್ಟಬೇಡ, ಮುಖ ಮಾತ್ರ ತಿಕ್ಕು ಎಂದು ಹೇಳಬೇಕು.

ಈಗ ನಿಮ್ಮ ವಿಷಯ. ಇಷ್ಟು ಕಾಲ ನಾನು ನಿಮ್ಮನ್ನು ಹೆಂಗಸೆಂದೇ ಎಣಿಸಿದ್ದೆ. ಬಿಳಿ ಸೀರೆಯ, ಬರಿ ಹಣೆಯ, ಗೂಡಿನ ಮುಂದೆ ನಿಂತ ಒಬ್ಬ ದೊಡ್ಡ ಹೆಂಗಸು. ನಿನ್ನೆ ಸಂಜೆ ನೆರಳಿನ ಹಗ್ಗ ಬಿಚ್ಚುವಾಗ ಬೇರೆಯೇ ಹೊಳೆಯಿತು. ಸುಳಿ ಯಾರಿಗೆ ಸಿಗುತ್ತಿತ್ತೋ ಅವರಿಗೇ ಅಲ್ಲವೇ ಅದು ಮರೆಯಲಾರದ್ದು? ರಜೆಗೆ ಬಂದಾಗ ಒಬ್ಬ ಅಪ್ಪ ಮುಷ್ಟಿಯಿಂದ ಉಳ್ಳಾಗಡ್ಡಿ ಒಡೆದು ಒಳಗಿನದನ್ನು ಬಾಯಿಗಿಡುತ್ತಿದ್ದ. ಒಂದು ರಜೆಗೆ ಅವನು ಬರಲಿಲ್ಲ, ಬೆಳ್ಳಿಯ ಬಿಲ್ಲೆ ಬಂತು. ದೊಡ್ಡವರೆಲ್ಲ ಅದನ್ನೇ ಅಪ್ಪ ಎಂಬಂತೆ ಗೂಡಿನಲ್ಲಿ ಇಟ್ಟರು. ಆಗ ಒಂದು ಮಗು ಅದನ್ನು ಕೆಳಗಿಳಿಸಿ, ಅಪ್ಪನ ಮುಖ ತೊಳೆದ ಹಾಗೆ ತಿಕ್ಕಿ, ರೊಟ್ಟಿಗೆ ಕೂರಿಸಿತು.

ಅದು ನೀನೇ ಏನೇ? ಹಾಗಿದ್ದರೆ ಮೇಲೆ ಬರೆದ ಪೂಜ್ಯರೇ, ತಾಯಿ ಎಂಬುದನ್ನೆಲ್ಲ ಹೊಡೆದುಹಾಕು. ನಿನ್ನ ಮೇಲೆ ಸಿಟ್ಟು ಮಾಡಿದ್ದಕ್ಕೆ ನಿನ್ನನ್ನು ಎತ್ತಿಕೊಂಡು ಮುದ್ದು ಮಾಡಬೇಕು ಎನಿಸುತ್ತದೆ. ಈ ಕಾಗದ ನಿನಗೆ ಓದಲು ಬರುವ ವಯಸ್ಸಿನಲ್ಲೇ ಮುಟ್ಟಲಿ.

ತಿಕ್ಕಬೇಡ ಎಂದು ಹೇಳಲಾರೆ. ಕೈಗೆ ಎಷ್ಟು ಬೇಕೋ ಅಷ್ಟು ತಿಕ್ಕು. ಒಂದೇ ಒಂದು ಕೇಳಿಕೊಳ್ಳುತ್ತೇನೆ. ತಿಕ್ಕುವಾಗ ಬಾಯಿ ಮುಚ್ಚಿಕೊಂಡು ತಿಕ್ಕಬೇಡ. ಅವನ ಹೆಸರನ್ನು ಗಟ್ಟಿಯಾಗಿ ಹೇಳು, ನಿನ್ನ ಹೆಸರನ್ನೂ ಹೇಳು. ಪಕ್ಕದಲ್ಲಿ ಕೂತ ಮಕ್ಕಳು ಬೇಸರವಾಗಿ ಎದ್ದು ಓಡುವಷ್ಟು ಸಲ ಹೇಳು. ಓಡಿದವರಲ್ಲಿ ಒಬ್ಬರಾದರೂ ನೆನಪಿಟ್ಟಿರುತ್ತಾರೆ. ಹಾಗೆ ನೀನು ಹೇಳಿದ್ದೇ ಆದರೆ, ಒಂದು ಬೆಳಿಗ್ಗೆ ನಾನು ಎದ್ದಾಗ ನನಗೆ ನಿಮ್ಮಿಬ್ಬರ ಹೆಸರೂ ಗೊತ್ತಿರುತ್ತದೆ, ಮೊದಲಿನಿಂದಲೂ ಗೊತ್ತಿತ್ತೆಂದೇ ಎಣಿಸಿರುತ್ತೇನೆ. ನೀನು ಹೇಳಲಾಗದೆ ಹೋದರೂ ಬೇಜಾರಿಲ್ಲ.

ನಿನ್ನೆ ಆ ಕೂಸು ಸುಳಿಯನ್ನು ಅಗಿದು ನುಂಗಿತು. ಆಮೇಲೆ ಅಜ್ಜಿಯ ಮುಷ್ಟಿಯನ್ನು ಎರಡೂ ಕೈಯಿಂದ ಹಿಡಿದು, ಇನ್ನೊಂದು ಬೇಕೆಂದು ಬಾಯಿ ತೆರೆಯಿತು. ನಿಮ್ಮ ಅಪ್ಪ ಒಡೆದ ಉಳ್ಳಾಗಡ್ಡಿ ಇನ್ನೂ ಮುಗಿದಿಲ್ಲ ಕಣೇ.

ನಿನ್ನವಳು,
ನಿಂಬೆವ್ವ